ಐಸ್ ಒಡ್ಕೊಂಡು ಹೋಗೋ ಹಡಗಲ್ಲಿ ಗುರುತ್ವ ಅಳೆಯೋದು ಹೇಗೆ? ಮದ್ದೂರಿನ ಮೇಷ್ಟ್ರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಮದ್ದೂರು ಹತ್ರ ಒಂದು ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು. ಒಂಬತ್ತನೇ ಕ್ಲಾಸಿಗೆ ಗುರುತ್ವದ ಪಾಠ ಮಾಡ್ತಾ ಧ್ರುವದ ಹತ್ರ ಜಿ ಬೆಲೆ, ಅಂದ್ರೆ ಗುರುತ್ವದ ವೇಗೋತ್ಕರ್ಷ, ಜಾಸ್ತಿ ಅಂದೆ. ಒಬ್ಳು ಹುಡುಗಿ ಎದ್ದು, ಉತ್ತರ ಧ್ರುವದಲ್ಲಿ ನೆಲವೇ ಇಲ್ವಲ್ಲ ಸರ್, ಸಮುದ್ರ, ಅದರ ಮೇಲೆ ಐಸು, ಅಲ್ಲಿ ಹೋಗಿ ಅಳೆದೋರು ಯಾರು, ಹಡಗು ಅಲ್ಲಾಡ್ತಾನೇ ಇರುತ್ತಲ್ಲ ಅಂದ್ಲು. ಹಡಗಲ್ಲೇ ಅಳೀತಾರೆ ಅಂತ ಆಮೇಲೆ ಓದ್ದೆ, ಹೇಗೆ ಅಂತ ಅರ್ಥ ಆಗ್ಲಿಲ್ಲ. ಐಸಿನ ತೂಕ ಲೆಕ್ಕಕ್ಕೆ ಬರಲ್ವಾ? ಸ್ಯಾಟಲೈಟ್ ಇರೋವಾಗ ಹಡಗು ಯಾಕೆ ಬೇಕು? ಮಕ್ಕಳಿಗೆ ಏನಾದ್ರೂ ಮಾಡಿ ತೋರಿಸ್ಬಹುದಾ?

ಉತ್ತರ:

ಮೇಷ್ಟ್ರೇ, ಆ ಹುಡುಗಿ ಕೈ ಇಟ್ಟಿರೋದು ಸರಿಯಾದ ಜಾಗಕ್ಕೇ. ಹಡಗು ಅಲ್ಲಾಡುತ್ತಲ್ಲ ಅನ್ನೋದು ಇಡೀ ಈ ಕೆಲಸದ ಬುಡ. ಯಾಕಂದ್ರೆ ಗ್ರಾವಿಟಿ ಮೀಟರ್ ಅಂತ ನಾವು ಕರೆಯೋ ಯಂತ್ರ ನಿಜವಾಗಿ ಗುರುತ್ವ ಒಂದನ್ನೇ ಅಳೆಯಲ್ಲ, ಅಳೆಯೋಕೆ ಸಾಧ್ಯಾನೂ ಇಲ್ಲ. ಅದರೊಳಗಿರೋ ತೂಕಕ್ಕೆ ಭೂಮಿ ಎಳೆದಿದ್ದೂ ಒಂದೇ, ಹಡಗು ಮೇಲಕ್ಕೆ ಎತ್ತಿ ಕುಕ್ಕಿದ್ದೂ ಒಂದೇ, ಎರಡೂ ಸೇರಿ ಒಂದು ನಂಬರ್ ಬರುತ್ತೆ ಅಷ್ಟೇ. ಆ ನಂಬರಲ್ಲಿ ಹಡಗಿಂದೆಷ್ಟು ಭೂಮಿದೆಷ್ಟು ಅಂತ ಬೇರೆ ಮಾಡೋದೇ ನಮ್ಮ ಕಸುಬು. ನಾನು ಮೈಸೂರಲ್ಲಿ ಕೂತು ಇಂಥ ಹಡಗಿನ ಡೇಟಾ ಕ್ಲೀನ್ ಮಾಡೋ ಕೆಲಸದಲ್ಲಿರೋದ್ರಿಂದ ಸ್ವಲ್ಪ ಬಿಡಿಸಿ ಹೇಳ್ತೀನಿ, ಉದ್ದ ಆಗುತ್ತೆ, ಓದ್ಕೊಳಿ.

ಮೊದ್ಲು ಅಳತೆ ಎಷ್ಟು ಸಣ್ಣದು ಅಂತ ಗೊತ್ತಾಗ್ಬೇಕು. ನಮ್ಮ ಮೈಸೂರು ಮಂಡ್ಯ ಕಡೆ ಜಿ ಸುಮಾರು 9.78 ಮೀಟರ್ ಪ್ರತಿ ಸೆಕೆಂಡ್ ವರ್ಗಕ್ಕೆ, ಧ್ರುವದಲ್ಲಿ 9.83. 60 ಕೆಜಿ ಇರೋ ಮನುಷ್ಯ ಸ್ಪ್ರಿಂಗ್ ತಕ್ಕಡಿ ತಗೊಂಡು ಇಲ್ಲಿಂದ ಧ್ರುವಕ್ಕೆ ಹೋದ್ರೆ ತಕ್ಕಡಿ 300 ಗ್ರಾಂ ಚಿಲ್ಲರೆ ಜಾಸ್ತಿ ತೋರಿಸುತ್ತೆ. ಇಷ್ಟು ದೊಡ್ಡ ವ್ಯತ್ಯಾಸ ಯಾರಿಗೂ ಬೇಕಿಲ್ಲ, ಅದು ಭೂಮಿ ತಿರುಗೋದ್ರಿಂದ ಮತ್ತೆ ಧ್ರುವದಲ್ಲಿ ಚಪ್ಪಟೆ ಆಗಿರೋದ್ರಿಂದ ಬರೋದು, ಫಾರ್ಮುಲಾ ಹಾಕಿ ತೆಗೆದುಬಿಡ್ತೀವಿ. ನಮಗೆ ಬೇಕಾಗಿರೋದು ಅದನ್ನ ತೆಗೆದ ಮೇಲೆ ಉಳಿಯೋ ಚೂರು. ಅದನ್ನ ಮಿಲಿಗಾಲ್ ಅನ್ನೋ ಮಾನದಲ್ಲಿ ಅಳೀತೀವಿ, ಗೆಲಿಲಿಯೋ ಹೆಸರಿಂದ ಬಂದಿದ್ದು. ಒಂದು ಮಿಲಿಗಾಲ್ ಅಂದ್ರೆ ಜಿ ಬೆಲೆಯ ಹತ್ತು ಲಕ್ಷದಲ್ಲಿ ಒಂದು ಭಾಗ, ಹೆಚ್ಚೂ ಕಮ್ಮಿ. ಒಂದು ಮೀಟರ್ ಮೇಲೆ ಹತ್ತಿದ್ರೆ 0.3 ಮಿಲಿಗಾಲ್ ಕಮ್ಮಿ ಆಗುತ್ತೆ. ಚಾಮುಂಡಿ ಬೆಟ್ಟದ ಮೇಲೆ ನಿಂತ್ರೆ ಊರಿಗಿಂತ 300 ಮೀಟರ್ ಹತ್ತಿರ ಎತ್ತರದಲ್ಲಿರ್ತೀವಿ, ಅಂದ್ರೆ 90 ಮಿಲಿಗಾಲ್ ಕಮ್ಮಿ ಆಗ್ಬೇಕು, ಆದ್ರೆ ಕಾಲ ಕೆಳಗಿರೋ ಆ ಗ್ರಾನೈಟ್ ಗುಡ್ಡಾನೂ ನಮ್ಮನ್ನ ಎಳೀತಿರುತ್ತಲ್ಲ, ಹಾಗಾಗಿ ಅದರಲ್ಲಿ ಒಂದಷ್ಟು ವಾಪಸ್ ಸಿಗುತ್ತೆ. ಈ ವಾಪಸ್ ಸಿಗೋ ಚೂರು ಇದ್ಯಲ್ಲ, ಅದರಿಂದ್ಲೇ ಗುಡ್ಡದ ಕಲ್ಲು ಎಷ್ಟು ಸಾಂದ್ರ, ಬುಡ ಎಷ್ಟು ಆಳ ಅಂತೆಲ್ಲ ಹೇಳೋಕಾಗೋದು. ಸಮುದ್ರದಲ್ಲೂ ಇದೇ ಲೆಕ್ಕ, ನೀರಿನ ಕೆಳಗೆ ಒಂದು ಕಿಲೋಮೀಟರ್ ಎತ್ತರದ ಅಗಲವಾದ ದಿಬ್ಬ ಇದ್ರೆ ಮೇಲೆ 70 ಮಿಲಿಗಾಲ್ ಹತ್ತಿರ ಜಾಸ್ತಿ ಬರ್ಬಹುದು.

ಈಗ ಹಡಗಿಗೆ ಬನ್ನಿ. ತೆರೆದ ಸಮುದ್ರದಲ್ಲಿ ಅಲೆ ಒಂದು ಸಲ ಎತ್ತಿ ಇಳಿಸೋಕೆ ಐದರಿಂದ ಹದಿನೈದು ಸೆಕೆಂಡ್. ಆ ಎತ್ತಿ ಇಳಿಸೋ ವೇಗೋತ್ಕರ್ಷ ಹತ್ತು ಸಾವಿರ ಮಿಲಿಗಾಲ್ ಇರುತ್ತೆ, ಸಮುದ್ರ ಕೆಟ್ಟಿದ್ರೆ ಒಂದು ಲಕ್ಷಕ್ಕೂ ಹೋಗುತ್ತೆ. ನಮಗೆ ಬೇಕಾಗಿರೋದು ಒಂದು ಮಿಲಿಗಾಲ್. ಲಕ್ಷದ ಗಲಾಟೆಯಲ್ಲಿ ಒಂದನ್ನ ಹುಡುಕೋದು ಆಗೋ ಕೆಲಸಾನಾ ಅನ್ಸುತ್ತೆ, ಆದ್ರೆ ಇಲ್ಲಿ ಸಮುದ್ರಾನೇ ನಮ್ಮ ಕೈ ಹಿಡಿಯುತ್ತೆ. ಹಡಗು ಎಷ್ಟೇ ಕುಣಿದ್ರೂ ಕೊನೆಗೆ ನೀರಿನ ಮಟ್ಟಕ್ಕೇ ವಾಪಸ್ ಬರ್ಬೇಕು, ಮೇಲಕ್ಕೆ ಹಾರಿ ಹೋಗಲ್ಲ, ಕೆಳಕ್ಕೆ ಮುಳುಗಿ ಹೋಗಲ್ಲ. ಅಂದ್ಮೇಲೆ ಮೇಲೆ ಎತ್ತಿದ್ದೂ ಕೆಳಗೆ ಇಳಿಸಿದ್ದೂ ಕೂಡಿದ್ರೆ ಸೊನ್ನೆ. ಕೆಲವು ನಿಮಿಷಗಳ ಸರಾಸರಿ ತಗೊಂಡ್ರೆ ಅಲೆ ಕರಗಿ ಹೋಗುತ್ತೆ, ಗುರುತ್ವ ಉಳ್ಕೊಳುತ್ತೆ. ನಿಮ್ಮ ಮಕ್ಕಳಿಗೆ ಕಬ್ಬಿನ ಟ್ರ್ಯಾಕ್ಟರ್ ಗೊತ್ತಿರುತ್ತೆ, ಫ್ಯಾಕ್ಟರಿ ಗೇಟಲ್ಲಿ ವೇ ಬ್ರಿಡ್ಜ್ ಮೇಲೆ ಇಂಜಿನ್ ಆಫ್ ಮಾಡ್ದೇ ನಿಲ್ಸಿದ್ರೆ ನಂಬರ್ ಆ ಕಡೆ ಈ ಕಡೆ ಓಡಾಡುತ್ತಲ್ಲ, ಆದ್ರೂ ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡ್ತಿದ್ರೆ ಯಾವ ನಂಬರಿನ ಸುತ್ತ ಓಡಾಡ್ತಿದೆ ಅಂತ ಗೊತ್ತಾಗುತ್ತೆ. ಅದೇ ಇದು.

ಯಂತ್ರದೊಳಗೆ ಏನಿದೆ ಅಂತ ಬೇಗ ಹೇಳ್ಬಿಡ್ತೀನಿ. ಹಳೇ ಪ್ರಸಿದ್ಧ ಮಾದರಿ ಲಾಕೋಸ್ಟ್ ರಾಂಬರ್ಗ್, ಲೂಸಿಯನ್ ಲಾಕೋಸ್ಟ್ ಅನ್ನೋರು 1930ರ ದಶಕದಲ್ಲಿ ಕಂಡುಹಿಡಿದ ಒಂದು ವಿಶೇಷ ಸ್ಪ್ರಿಂಗಿಗೆ ಒಂದು ತೂಕ ನೇತು ಹಾಕಿರ್ತಾರೆ. ಇನ್ನೊಂದು ಜಾತಿಯಲ್ಲಿ, ಬೆಲ್ ಕಂಪನಿಯ ಬಿಜಿಎಂ 3 ಥರದ್ದರಲ್ಲಿ, ತೂಕ ಅಲ್ಲಾಡದಂಗೆ ಕಾಯಿಲ್‌ಗೆ ಕರೆಂಟ್ ಕೊಟ್ಟು ಹಿಡಿದಿಡ್ತಾರೆ, ಎಷ್ಟು ಕರೆಂಟ್ ಬೇಕಾಯ್ತು ಅನ್ನೋದೇ ಅಳತೆ. ಎರಡೂ ಒಂದು ಬಿಸಿ ಪೆಟ್ಟಿಗೆಯೊಳಗೆ ಒಂದೇ ಟೆಂಪರೇಚರಲ್ಲಿ ಇರ್ಬೇಕು, ಸ್ವಲ್ಪ ತಣ್ಣಗಾದ್ರೂ ರೀಡಿಂಗ್ ಜಾರುತ್ತೆ. ಹೊರಗೆ ಮೈನಸ್ ಇಪ್ಪತ್ತು ಇರೋ ಸಮುದ್ರದಲ್ಲಿ ಹಡಗಿನವರಿಗೆ ಹೆದರಿಕೆ ಅಲೆಯದ್ದಲ್ಲ, ಕರೆಂಟ್ ಹೋಗೋದ್ರದ್ದು, ಒಂದು ಸಲ ಪೆಟ್ಟಿಗೆ ತಣ್ಣಗಾದ್ರೆ ಮತ್ತೆ ಹದಕ್ಕೆ ಬರೋಕೆ ದಿನಗಟ್ಟಲೆ ಬೇಕು. ಇಡೀ ಪೆಟ್ಟಿಗೆ ಗೈರೋ (ಜೋರಾಗಿ ತಿರುಗೋ ಬುಗುರಿ ಥರ ತನ್ನ ದಿಕ್ಕು ಬಿಡದ ಸಾಧನ) ಇರೋ ಪ್ಲಾಟ್‌ಫಾರಂ ಮೇಲೆ ಕೂತಿರುತ್ತೆ, ಹಡಗು ವಾಲಿದ್ರೂ ಅದು ಮಟ್ಟವಾಗೇ ಇರುತ್ತೆ. ಒಂದು ಡಿಗ್ರಿ ವಾಲಿದ್ರೆ 150 ಮಿಲಿಗಾಲ್ ತಪ್ಪಾಗುತ್ತೆ ಅಂದ್ರೆ ಆ ಮಟ್ಟ ಎಷ್ಟು ಮುಖ್ಯ ಅಂತ ನೋಡಿ. ಹಡಗಲ್ಲಿ ಇದನ್ನ ಇಡೋದೂ ಕೆಳಗಿನ ಡೆಕ್ಕಲ್ಲಿ ಮಧ್ಯಭಾಗದಲ್ಲಿ, ಎಲ್ಲಕ್ಕಿಂತ ಕಮ್ಮಿ ತೂಗಾಡೋ ಜಾಗ ಅದು.

ಯಾರು ಅಳೆದಿದ್ದು ಅನ್ನೋದು ಆ ಹುಡುಗಿಯ ಪ್ರಶ್ನೆಯ ಇನ್ನೊಂದು ಭಾಗ, ಇದು ನನಗೆ ಬಹಳ ಇಷ್ಟದ ಕತೆ. ಯಂತ್ರ ಪ್ಲಾಟ್‌ಫಾರಂ ಏನೂ ಇಲ್ದಿದ್ದ ಕಾಲದಲ್ಲಿ ನಾರ್ವೆಯ ನಾನ್ಸೆನ್ ಫ್ರಾಮ್ ಅನ್ನೋ ಹಡಗನ್ನ 1893ರಲ್ಲಿ ಬೇಕು ಅಂತ್ಲೇ ಆರ್ಕ್ಟಿಕ್ ಐಸಲ್ಲಿ ಸಿಕ್ಕಿಸಿಬಿಟ್ರು. ಐಸು ನಿಧಾನಕ್ಕೆ ಹರಿಯುತ್ತೆ, ಹಡಗನ್ನೂ ಎಳ್ಕೊಂಡು ಹೋಗುತ್ತೆ, ಧ್ರುವದ ಹತ್ರ ಹಾದು ಹೋಗ್ಬಹುದು ಅನ್ನೋದು ಲೆಕ್ಕಾಚಾರ. 1896ರವರೆಗೆ ಹಂಗೇ ತೇಲಿದ್ರು. ಸಿಗರ್ಡ್ ಸ್ಕಾಟ್ ಹ್ಯಾನ್ಸನ್ ಅನ್ನೋ ಯುವಕ ಆ ಪಯಣದಲ್ಲಿ ಲೋಲಕ ಇಟ್ಕೊಂಡು ಅದರ ಆಂದೋಲನದ ಕಾಲ ಅಳೆದು ಗುರುತ್ವ ತೆಗೆದ. ನೀವು ಲ್ಯಾಬಲ್ಲಿ ಮಕ್ಕಳ ಕೈಲಿ ಮಾಡಿಸೋ ಅದೇ ಸಿಂಪಲ್ ಪೆಂಡುಲಂ ತತ್ವ, ಕುಸುರಿ ಮಾತ್ರ ಬೇರೆ ಮಟ್ಟದ್ದು. ಅಲೆ ಇರೋ ಕಡೆ ಲೋಲಕ ಕೆಲಸಕ್ಕೇ ಬರಲ್ಲ, ಆದ್ರೆ ಐಸಲ್ಲಿ ಗಟ್ಟಿಯಾಗಿ ಹೂತು ನಿಂತ ಹಡಗು ನೆಲದ ಮೇಲಿನ ಮನೆ ಇದ್ದಂಗೆ ನಿಂತಿತ್ತು. ಅದೇ ಪಯಣದಲ್ಲಿ ಅಲ್ಲಿ ಸಮುದ್ರ 3000 ಮೀಟರಿಗೂ ಜಾಸ್ತಿ ಆಳ ಇದೆ ಅಂತ ಗೊತ್ತಾಯ್ತು, ಅಲ್ಲೀವರೆಗೆ ಆಳ ಇಲ್ಲ ಅಂದ್ಕೊಂಡಿದ್ರು. ಅಷ್ಟು ಆಳಕ್ಕೆ ಕಲ್ಲಿನ ಬದ್ಲು ಹಗುರ ನೀರು ತುಂಬಿದ್ರೆ ಗುರುತ್ವ ಕಮ್ಮಿ ಬರ್ಬೇಕಲ್ವಾ? ಬರ್ಲಿಲ್ಲ. ಶೋಟ್ಸ್ ಅನ್ನೋ ಪ್ರೊಫೆಸರ್ ಲೆಕ್ಕ ಹಾಕಿ 1901ರಲ್ಲಿ ಪ್ರಕಟಿಸಿದ ಪ್ರಕಾರ ಅಲ್ಲಿ ಗುರುತ್ವ ಹೆಚ್ಚೂ ಕಮ್ಮಿ ಮಾಮೂಲಾಗೇ ಇತ್ತು. ಅಂದ್ರೆ ನೀರಿನ ಹಗುರತನವನ್ನ ತಳದ ಕೆಳಗಿನ ಭಾರವಾದ ಕಲ್ಲು ಸರಿದೂಗಿಸ್ತಿದೆ. ಸಮುದ್ರದ ತಳದ ಹೊರಪದರ ಖಂಡಗಳ ಹೊರಪದರಕ್ಕಿಂತ ಬೇರೆ ಜಾತಿದು ಅನ್ನೋದಕ್ಕೆ ಬಂದ ಮೊದಮೊದಲ ಸಾಕ್ಷಿಗಳಲ್ಲಿ ಇದೂ ಒಂದು, ಬಂದಿದ್ದು ಐಸಲ್ಲಿ ಸಿಕ್ಕಿಹಾಕ್ಕೊಂಡ ಒಂದು ಮರದ ಹಡಗಿಂದ.

ಆಮೇಲೆ 1923ರಿಂದ ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ ಸಬ್‌ಮರೀನಲ್ಲಿ ಲೋಲಕ ಇಟ್ಕೊಂಡು ಜಾವಾ ತನಕ ಹೋದ್ರು. ನೀರಿನ ಕೆಳಗೆ ಇಳಿದ್ರೆ ಅಲೆ ಕಮ್ಮಿ, ಅದೇ ಉಪಾಯ. ಸಬ್‌ಮರೀನಿನ ಉಪಾಯ ಆರ್ಕ್ಟಿಕ್‌ನಲ್ಲಿ ಮತ್ತೆ ಬಂತು, 1990ರ ದಶಕದಲ್ಲಿ ಅಮೆರಿಕದ ನೌಕಾಪಡೆ ತನ್ನ ಅಣು ಸಬ್‌ಮರೀನುಗಳನ್ನ ವಿಜ್ಞಾನಿಗಳಿಗೆ ಕೊಟ್ಟು ಐಸಿನ ಕೆಳಗೆ ಗುರುತ್ವ, ಆಳ ಎಲ್ಲ ಅಳೆಸ್ತು, ಸೈಸೆಕ್ಸ್ ಅಂತ ಆ ಕಾರ್ಯಕ್ರಮದ ಹೆಸರು. ಮೇಲೆ ಐಸು ಒಡೆಯೋ ರಗಳೆ ಇಲ್ಲ, ಸೀದಾ ಗೆರೆ ಎಳೆದಂಗೆ ಹೋಗ್ಬಹುದು. ಆದ್ರೆ ಯುದ್ಧದ ಹಡಗು ಯಾವಾಗ್ಲೂ ಸಿಗೋದಲ್ವಲ್ಲ.

ಹಾಗಾಗಿ ಈಗಿನ ಕೆಲಸ ಬಹುಪಾಲು ಐಸ್ ಒಡೆಯೋ ಹಡಗಿಂದೇ. ಅಮೆರಿಕದ ಹೀಲಿ, ಜರ್ಮನಿಯ ಪೋಲಾರ್‌ಸ್ಟರ್ನ್ ಎರಡರಲ್ಲೂ ಗ್ರಾವಿಟಿ ಮೀಟರ್ ಇತ್ತು, 2001ರಲ್ಲಿ ಎರಡೂ ಸೇರಿ ಗಾಕಲ್ ರಿಡ್ಜ್‌ಗೆ ಹೋಗಿದ್ವು, ಆರ್ಕ್ಟಿಕ್ ತಳದಲ್ಲಿರೋ ಪರ್ವತ ಸಾಲು ಅದು, ಪ್ರಪಂಚದಲ್ಲೇ ಅತಿ ನಿಧಾನಕ್ಕೆ ಬಾಯಿ ಬಿಡೋ ಸಾಲು, ವರ್ಷಕ್ಕೆ ಸೆಂಟಿಮೀಟರ್ ಆಸುಪಾಸು.

ಇಲ್ಲಿ ಜನ ಸಾಮಾನ್ಯವಾಗಿ ತಪ್ಪು ತಿಳ್ಕೊಳೋ ವಿಷಯ ಒಂದಿದೆ. ಐಸ್ ಇದ್ರೆ ಅಳತೆ ಕಷ್ಟ ಅಂದ್ಕೋತಾರೆ. ಅಲೆ ಲೆಕ್ಕದಲ್ಲಿ ನೋಡಿದ್ರೆ ಉಲ್ಟಾ. ಅಂಟಾರ್ಕ್ಟಿಕಾಗೆ ಹೋಗೋ ಹಡಗು ದಾರೀಲಿ ದಕ್ಷಿಣ ಸಾಗರ ದಾಟುತ್ತೆ, ಪ್ರಪಂಚದ ಅತಿ ಕೆಟ್ಟ ಅಲೆಗಳು ಅಲ್ಲೇ, ಅಲ್ಲಿನ ಡೇಟಾ ನೋಡಿದ್ರೆ ಗೀಚಿ ಹಾಕಿದ ಪೇಪರ್ ಥರ ಕಾಣುತ್ತೆ. ಐಸಿನ ಅಂಚು ದಾಟಿ ಒಳಗೆ ಹೋಗ್ತಿದ್ದಂಗೆ ಸಣ್ಣ ಅಲೆ ಮೊದ್ಲು ಸಾಯುತ್ತೆ, ಉದ್ದದ ಅಲೆ ಇನ್ನೂ ಒಳಗೆ ಹೋಗಿ ಸಾಯುತ್ತೆ, ಆಮೇಲೆ ಗ್ರಾಫ್ ಸಣ್ಣ ಗೆರೆ ಆಗಿಬಿಡುತ್ತೆ. ಹಡಗು ಐಸಲ್ಲಿ ಸುಮ್ನೆ ನಿಂತ್ಕೊಂಡ್ರೆ ನೆಲದ ಮೇಲೆ ಇಟ್ಟಷ್ಟೇ ಚೆನ್ನಾಗಿ ಬರುತ್ತೆ.

ತೊಂದ್ರೆ ಬರೋದು ಹಡಗು ಐಸನ್ನ ಗುದ್ದೋಕೆ ಶುರು ಮಾಡಿದಾಗ. ಇದನ್ನ ಹತ್ತಿರದಿಂದ ತೋರಿಸ್ತೀನಿ ನೋಡಿ. ನನ್ನ ಸ್ಕ್ರೀನಲ್ಲಿ ಮೂರು ಗೆರೆ ಇರುತ್ತೆ, ವೇಗ, ದಿಕ್ಕು, ಗುರುತ್ವ. ತೆಳು ಐಸಲ್ಲಿ ವೇಗ ನಾಲ್ಕು ಐದು ನಾಟ್ ಹತ್ರ ಓಡ್ತಿರುತ್ತೆ (ಒಂದು ನಾಟ್ ಅಂದ್ರೆ ಗಂಟೆಗೆ 1.85 ಕಿಲೋಮೀಟರ್). ದಪ್ಪ ಐಸು ಸಿಕ್ತು ಅಂದ್ರೆ ವೇಗ ಸರ್ರಂತ ಸೊನ್ನೆಗೆ ಬರುತ್ತೆ, ಆಮೇಲೆ ಮೈನಸ್, ಅಂದ್ರೆ ಹಡಗು ಹಿಂದಕ್ಕೆ ಹೋಗ್ತಿದೆ, ಒಂದೆರಡು ಹಡಗಿನುದ್ದ ಹಿಂದೆ ಹೋಗಿ ನಿಂತು ಮತ್ತೆ ಪೂರ್ತಿ ಜೋರಲ್ಲಿ ಮುಂದೆ ನುಗ್ಗುತ್ತೆ, ಮೂತಿ ಐಸಿನ ಮೇಲೆ ಹತ್ತುತ್ತೆ, ಹಡಗಿನ ಭಾರಕ್ಕೆ ಐಸು ಮುರಿಯುತ್ತೆ, ವೇಗ ಮತ್ತೆ ಸೊನ್ನೆ. ವೇಗದ ಗೆರೆ ಗರಗಸದ ಹಲ್ಲಿನಂಗೆ ಕಾಣುತ್ತೆ. ಆರು ನಾಟಿಂದ ಸೊನ್ನೆಗೆ ಹತ್ತು ಸೆಕೆಂಡಲ್ಲಿ ಬಂತು ಅಂದ್ರೆ ಅಡ್ಡಡ್ಡ ವೇಗೋತ್ಕರ್ಷ 30 ಸಾವಿರ ಮಿಲಿಗಾಲ್. ಮೀಟರ್ ಮಟ್ಟವಾಗಿದ್ರೆ ಇದು ಲೆಕ್ಕಕ್ಕೆ ಬರ್ಬಾರ್ದು, ಅದು ಅಳೆಯೋದು ಮೇಲೆ ಕೆಳಗಿನದನ್ನ ಮಾತ್ರ. ಆದ್ರೆ ಪ್ಲಾಟ್‌ಫಾರಂ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ ವಾಲಿದ್ರೂ ಸಾಕು, ಅದರಲ್ಲಿ ಎಂಟೊಂಬತ್ತು ಮಿಲಿಗಾಲ್ ಗುರುತ್ವದ ವೇಷ ಹಾಕ್ಕೊಂಡು ಒಳಗೆ ನುಗ್ಗಿಬಿಡುತ್ತೆ. ಅಂಥ ಗುದ್ದು ಬಿದ್ದಾಗಲೇ ಪ್ಲಾಟ್‌ಫಾರಂ ವಾಲೋ ಸಾಧ್ಯತೆ ಜಾಸ್ತಿ, ಅದೇ ಕಷ್ಟ. ಅಲೆ ಹಂಗಲ್ಲ, ಎಷ್ಟು ಜೋರಿದ್ರೂ ಒಂದು ತಾಳದಲ್ಲಿ ಬರುತ್ತೆ, ಸರಾಸರಿಯಲ್ಲಿ ಹೋಗುತ್ತೆ. ಗುದ್ದಿಗೆ ತಾಳ ಇಲ್ಲ, ಸರಾಸರಿಯಲ್ಲಿ ಹೋಗಲ್ಲ, ಸುತ್ತಮುತ್ತಲ ಒಳ್ಳೇ ಡೇಟಾನೂ ಕೆಡಿಸುತ್ತೆ. ಅಂಥ ತುಂಡನ್ನ ಕತ್ತರಿಸಿ ಬಿಸಾಕೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಕೆಲವರು ಫಿಲ್ಟರ್ ಉದ್ದ ಮಾಡಿ, ಅಂದ್ರೆ ಇನ್ನೂ ಜಾಸ್ತಿ ಹೊತ್ತಿನ ಸರಾಸರಿ ತಗೊಂಡು, ಗೆರೇನ ನಯ ಮಾಡಿ ಇಟ್ಕೋತಾರೆ, ನೋಡೋಕೆ ಚೆಂದ ಕಾಣುತ್ತೆ, ಆದ್ರೆ ಸಮುದ್ರದ ತಳದಲ್ಲಿ ಇಲ್ದಿರೋ ದಿಬ್ಬ ಒಂದು ಮ್ಯಾಪಲ್ಲಿ ಹುಟ್ಕೊಳುತ್ತೆ. ಹಾಗಂತ ನಿಧಾನಕ್ಕೆ ಹೋಗೋದ್ರಿಂದ ಒಂದು ಲಾಭಾನೂ ಇದೆ. ನಾಲ್ಕು ನಿಮಿಷದ ಸರಾಸರಿ ತಗೊಂಡ್ರೆ ಹತ್ತು ನಾಟಲ್ಲಿ ಹೋಗೋ ಹಡಗು 1200 ಮೀಟರ್ ದಾಟಿರುತ್ತೆ, ಮೂರು ನಾಟಲ್ಲಿ ಹೋಗೋದು 370 ಮೀಟರ್ ಅಷ್ಟೇ. ನಿಧಾನಕ್ಕೆ ಹೋದಷ್ಟೂ ಸಣ್ಣ ವಿವರ ಕಾಣುತ್ತೆ.

ಇನ್ನೊಂದು ವಿಷಯ ಹೇಳಲೇಬೇಕು, ಇದು ಧ್ರುವದ ಹತ್ರ ನಮಗೆ ಸಿಗೋ ದೊಡ್ಡ ರಿಯಾಯಿತಿ. ಭೂಮಿ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತೆ, ನೀವೂ ಪೂರ್ವಕ್ಕೆ ಹೋದ್ರೆ ಭೂಮಿಗಿಂತ ಸ್ವಲ್ಪ ಜೋರಾಗಿ ತಿರುಗಿದಂಗಾಯ್ತು, ಹಗುರ ಆಗ್ತೀರಿ. ಪಶ್ಚಿಮಕ್ಕೆ ಹೋದ್ರೆ ಭಾರ ಆಗ್ತೀರಿ. ಇದಕ್ಕೆ ಹಂಗೆರಿಯ ವಿಜ್ಞಾನಿ ಓಟ್ವೋಶ್ ಹೆಸರಿದೆ. ಹೆಕರ್ ಅನ್ನೋ ಜರ್ಮನ್ ವಿಜ್ಞಾನಿ ಸಾಗರಗಳ ಮೇಲೆ ಅಳೆದು ತಂದ ನಂಬರ್‌ಗಳಲ್ಲಿ ಹಡಗಿನ ವೇಗದ ಲೆಕ್ಕ ಬಿಟ್ಟುಹೋಗಿದೆ ಅಂತ ಓಟ್ವೋಶ್ ಹೇಳಿದ್ರು, 1908ರಲ್ಲಿ ಕಪ್ಪು ಸಮುದ್ರದಲ್ಲಿ ಎರಡು ಹಡಗು, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಬಿಟ್ಟು ನೋಡಿದ್ರೆ ನಿಜವೇ ಆಯ್ತು. ಮಕ್ಕಳಿಗೆ ನಮ್ಮೂರಿನ ಲೆಕ್ಕದಲ್ಲೇ ಹೇಳಿ: ಮೈಸೂರಿಂದ ಬೆಂಗಳೂರಿಗೆ ಹೋಗೋ ರೈಲು ಈಶಾನ್ಯಕ್ಕೆ ಹೋಗುತ್ತೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋದ್ರೆ ಒಳಗೆ ಕೂತೋರಿಗೆ ಗುರುತ್ವ 300 ಮಿಲಿಗಾಲ್ ಚಿಲ್ಲರೆ ಕಮ್ಮಿ ಆಗುತ್ತೆ, 60 ಕೆಜಿ ಮನುಷ್ಯ 20 ಗ್ರಾಂ ಹಗುರ. ವಾಪಸ್ ಬರೋವಾಗ ಹತ್ರ ಹತ್ರ ಅಷ್ಟೇ ಭಾರ.

ಹಡಗಿಗೆ ಬಂದ್ರೆ, ಸಮಭಾಜಕದ ಹತ್ರ ಹತ್ತು ನಾಟಲ್ಲಿ ಪೂರ್ವಕ್ಕೆ ಹೋಗೋ ಹಡಗಿಗೆ 75 ಮಿಲಿಗಾಲ್ ತಿದ್ದುಪಡಿ ಬೇಕು. ವೇಗದಲ್ಲಿ ಒಂದು ನಾಟಿನ ಹತ್ತನೇ ಒಂದು ಭಾಗ ತಪ್ಪಾದ್ರೆ 0.75 ಮಿಲಿಗಾಲ್ ತಪ್ಪು. ಜಿಪಿಎಸ್ ಬರೋಕೆ ಮುಂಚೆ ನಕ್ಷತ್ರ ನೋಡಿ ವೇಗ ಹಾಕ್ತಿದ್ದ ಕಾಲದ ಡೇಟಾ ಹಾಳಾಗಿರೋದು ಬಹುಪಾಲು ಇದರಿಂದ್ಲೇ, ಮೀಟರಿಂದ ಅಲ್ಲ. ಆದ್ರೆ ಈ ಪರಿಣಾಮ ಅಕ್ಷಾಂಶದ ಕೊಸೈನ್ ಪ್ರಕಾರ ಕಮ್ಮಿ ಆಗ್ತಾ ಹೋಗುತ್ತೆ, 80 ಡಿಗ್ರಿಯಲ್ಲಿ ಅದೇ ಹತ್ತು ನಾಟಿಗೆ 13 ಮಿಲಿಗಾಲ್, 88 ಡಿಗ್ರಿಯಲ್ಲಿ ಮೂರು ಕೂಡ ಇರಲ್ಲ. ಹಡಗು ಐಸಿನ ನಡುವೆ ಸಂದಿ ಹುಡುಕ್ಕೊಂಡು ಹಾವಿನಂಗೆ ಡೊಂಕುಡೊಂಕಾಗಿ ಹೋಗೋ ಜಾಗದಲ್ಲೇ ದಿಕ್ಕಿನ ತಪ್ಪಿಗೆ ಶಿಕ್ಷೆ ಕಮ್ಮಿ ಇರೋದು ನಮ್ಮ ಅದೃಷ್ಟ. ಅದೇ ಹಡಗು ಹಂಗೇ ಡೊಂಕಾಗಿ ಲಕ್ಷದ್ವೀಪದ ಹತ್ರ ಓಡಾಡಿದ್ರೆ ಡೇಟಾ ಸರಿಮಾಡೋ ಹೊತ್ತಿಗೆ ಸಾಕು ಸಾಕಾಗುತ್ತೆ.

ಆದ್ರೆ ಆ ಕಡೆ ಕೊಟ್ಟಿದ್ದನ್ನ ಈ ಕಡೆ ಕಿತ್ಕೊಳುತ್ತೆ. ಗೈರೋ ಕಂಪಾಸ್ ಕೆಲಸ ಮಾಡೋದು ಭೂಮಿಯ ತಿರುಗುವಿಕೆಯಿಂದ, ಧ್ರುವದ ಹತ್ರ ಅದಕ್ಕೆ ಉತ್ತರ ಯಾವ ಕಡೆ ಅಂತ ಹಿಡಿಯೋ ಬಲ ಕಮ್ಮಿ ಆಗುತ್ತೆ. ಜಿಪಿಎಸ್ ಸ್ಯಾಟಲೈಟ್‌ಗಳ ಕಕ್ಷೆ 55 ಡಿಗ್ರಿ ವಾಲಿರೋದು, ಹಾಗಾಗಿ ಧ್ರುವದಲ್ಲಿ ಅವು ಯಾವತ್ತೂ ನೆತ್ತಿ ಮೇಲೆ ಬರಲ್ಲ, ಪಕ್ಕದಲ್ಲೇ ಸುತ್ತುತಾವೆ, ಎತ್ತರದ ಅಳತೆ ಅಷ್ಟು ಚೆನ್ನಾಗಿ ಸಿಗಲ್ಲ. ಜಿಪಿಎಸ್ ಥರದ್ದೇ ಆದ ರಷ್ಯಾದ ಗ್ಲೋನಾಸ್ ಸ್ವಲ್ಪ ಮೇಲಿನವರೆಗೆ ಬರುತ್ತೆ, ಎರಡೂ ಸೇರಿಸ್ಕೊಂಡ್ರೆ ವಾಸಿ. ಇದಕ್ಕಿಂತ ದೊಡ್ಡ ತಲೆನೋವು ಬಂದರಿನದ್ದು. ಹಡಗಿನ ಮೀಟರ್ ಇಲ್ಲಿಗಿಂತ ಅಲ್ಲಿ ಎಷ್ಟು ಜಾಸ್ತಿ ಅಂತ ಹೇಳುತ್ತೆ ಹೊರತು ಜಿ ಇಷ್ಟೇ ಅಂತ ಹೇಳಲ್ಲ. ಅದಕ್ಕೆ ಹೊರಡೋಕೆ ಮುಂಚೆ ನಾರ್ವೆಯ ಟ್ರೊಮ್ಸೊ ಥರದ ಬಂದರಲ್ಲಿ ದಡದ ಮೇಲೆ ಗೊತ್ತಿರೋ ಜಾಗದ ಗುರುತ್ವಕ್ಕೆ ಮೀಟರನ್ನ ಕಟ್ಟಿ ಹಾಕ್ತೀವಿ, ವಾಪಸ್ ಬಂದ್ಮೇಲೆ ಮತ್ತೆ ನೋಡ್ತೀವಿ. ಮಧ್ಯೆ ಸ್ಪ್ರಿಂಗ್ ತನ್ನಷ್ಟಕ್ಕೆ ತಾನೇ ಸಡಿಲ ಆಗ್ತಿರುತ್ತೆ, ತಿಂಗಳಿಗೆ ಒಂದೋ ಎರಡೋ ಮಿಲಿಗಾಲ್ ಜಾರ್ಬಹುದು. ಐಸಿನೊಳಗೆ ತಿಂಗಳುಗಟ್ಟಲೆ ಬಂದರಿಲ್ಲ, ಯಾವಾಗ ಎಷ್ಟು ಜಾರಿತು ಅಂತ ಗೊತ್ತಾಗಲ್ಲ, ಸಮನಾಗಿ ಜಾರಿದೆ ಅಂತ ನಂಬಿ ಹಂಚಬೇಕು. ಹಡಗು ತನ್ನದೇ ಹಳೇ ದಾರಿಯನ್ನ ಅಡ್ಡ ದಾಟಿದ ಜಾಗ ಸಿಕ್ಕಿದ್ರೆ ಹಬ್ಬ ನಮಗೆ, ಒಂದೇ ಜಾಗಕ್ಕೆ ಎರಡು ದಿನದ ಎರಡು ರೀಡಿಂಗ್, ಹೋಲಿಸಿ ನೋಡ್ಬಹುದು. ಫ್ರೆಂಚರು ರುಬಿಡಿಯಂ ಪರಮಾಣುಗಳನ್ನ ಲೇಸರಲ್ಲಿ ತಣ್ಣಗೆ ಮಾಡಿ ಬೀಳಿಸಿ ಅಳೆಯೋ ಮೀಟರನ್ನ ಹಡಗಲ್ಲಿ ಇಟ್ಟು ನೋಡಿದ್ರು, 2018ರಲ್ಲಿ ಪ್ರಕಟಿಸಿದ ಫಲಿತಾಂಶ ಒಂದು ಮಿಲಿಗಾಲಿಗಿಂತ ಚೆನ್ನಾಗಿದೆ. ಅದಕ್ಕೆ ಸ್ಪ್ರಿಂಗ್ ಇಲ್ಲ, ಜಾರೋದಿಲ್ಲ, ಬಂದರಿಗೆ ಕಟ್ಟೋ ಅಗತ್ಯ ಇಲ್ಲ. ಧ್ರುವದ ಹಡಗುಗಳಿಗೆ ಇದು ಬೇಗ ಬರ್ಬೇಕು ಅಂತ ನನ್ನ ದೊಡ್ಡ ಆಸೆ.

ಐಸಿನ ತೂಕದ ಪ್ರಶ್ನೆ. ತೇಲೋ ಐಸಾದ್ರೆ ಯೋಚ್ನೆ ಮಾಡೋ ಅಗತ್ಯಾನೇ ಇಲ್ಲ, ಕಾರಣ ನಿಮ್ಮ ಒಂಬತ್ತನೇ ಕ್ಲಾಸಿನ ಪುಸ್ತಕದಲ್ಲೇ ಇದೆ, ಆರ್ಕಿಮಿಡೀಸ್. ತೇಲೋ ವಸ್ತು ತನ್ನ ತೂಕದಷ್ಟೇ ನೀರನ್ನ ಪಕ್ಕಕ್ಕೆ ತಳ್ಳುತ್ತೆ. ಮೂರು ಮೀಟರ್ ದಪ್ಪದ ಐಸು ಇದ್ರೂ ಅಷ್ಟೇ ತೂಕದ ನೀರು ಅಲ್ಲಿಂದ ಹೋಗಿದೆ, ಒಟ್ಟು ದ್ರವ್ಯರಾಶಿ ಬದಲಾಗಿಲ್ಲ, ಗುರುತ್ವಾನೂ ಬದಲಾಗಲ್ಲ. ಐಸ್ ಹೆಚ್ಚುವರಿ ಅಂತ ಅಂದ್ಕೊಂಡ್ರೂ ಮೂರು ಮೀಟರಿಗೆ ಬರೋದು 0.1 ಮಿಲಿಗಾಲ್ ಆಸುಪಾಸು, ನಮ್ಮ ಅಳತೆಯ ತಪ್ಪಿಗಿಂತ ಕಮ್ಮಿ. ಅಂಟಾರ್ಕ್ಟಿಕಾದ ನೆಲದ ಮೇಲೆ ಕಿಲೋಮೀಟರ್‌ಗಟ್ಟಲೆ ಕೂತಿರೋ ಐಸಿನ ಕತೆ ಬೇರೆ, ಅದು ತೇಲ್ತಿಲ್ಲ, ಅದನ್ನ ಲೆಕ್ಕಕ್ಕೆ ತಗೊಳ್ಲೇಬೇಕು. ಇವೆರಡರ ಮಧ್ಯೆ ಇರೋದು ದಡಕ್ಕೆ ಅಂಟ್ಕೊಂಡು ಸಮುದ್ರದ ಮೇಲೆ ಚಾಚಿರೋ ನೂರಾರು ಮೀಟರ್ ದಪ್ಪದ ಐಸಿನ ಚಪ್ಪಡಿಗಳು, ಅವುಗಳ ಕೆಳಗೆ ಎಷ್ಟು ನೀರಿದೆ ಅಂತ ಯಾವ ಹಡಗೂ ಹೋಗಿ ನೋಡೋಕಾಗಲ್ಲ. ಅಲ್ಲಿ ವಿಮಾನದಿಂದ ಗುರುತ್ವ ಅಳೆದು, ಚಪ್ಪಡಿಯ ಮುಂದೆ ಹಡಗಿಂದ ಅಳೆದು, ಎರಡೂ ಸೇರಿಸಿ ತಳ ಎಷ್ಟು ಆಳ ಅಂತ ಲೆಕ್ಕ ಹಾಕ್ತಾರೆ. ಅಂಟಾರ್ಕ್ಟಿಕಾದ ಥ್ವೈಟ್ಸ್ ಹಿಮನದಿ ಬಗ್ಗೆ ಪೇಪರಲ್ಲಿ ಓದಿರ್ತೀರಿ, ಬೆಚ್ಚಗಿನ ಸಮುದ್ರದ ನೀರು ಯಾವ ಕಾಲುವೆ ಹಿಡ್ಕೊಂಡು ಅದರ ಬುಡಕ್ಕೆ ಹೋಗುತ್ತೆ ಅನ್ನೋ ಮ್ಯಾಪಲ್ಲಿ ಗುರುತ್ವದ ಡೇಟಾ ಸೇರಿದೆ. ಗುರುತ್ವ ಯಾಕೆ ಅಳೀಬೇಕು ಅಂತ ಕೇಳೋರಿಗೆ ನಾನು ಮೊದ್ಲು ಹೇಳೋ ಉದಾಹರಣೆ ಇದೇ.

ಇನ್ನು ಸ್ಯಾಟಲೈಟ್. ಅವುಗಳಿಂದ ಆಗಿರೋ ಉಪಕಾರ ಸಣ್ಣದಲ್ಲ. ಕೆಲವು ಸ್ಯಾಟಲೈಟು ಸಮುದ್ರದ ಮೇಲ್ಮೈ ಎತ್ತರ ರೇಡಾರಲ್ಲಿ ಅಳೀತಾವೆ, ಸಮುದ್ರ ಚಪ್ಪಟೆ ಇಲ್ಲ, ಕೆಳಗೆ ಎರಡು ಕಿಲೋಮೀಟರ್ ಎತ್ತರದ ಬೆಟ್ಟ ಇದ್ರೆ ಅದು ನೀರನ್ನ ತನ್ನ ಕಡೆ ಎಳ್ಕೊಂಡು ಮೇಲೆ ಎರಡು ಮೀಟರ್ ಉಬ್ಬು ಮಾಡುತ್ತೆ. ನಮ್ಮ ಪಕ್ಕದಲ್ಲೇ ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರ ಸರಾಸರಿಗಿಂತ ನೂರು ಮೀಟರಿಗೂ ಜಾಸ್ತಿ ತಗ್ಗಿದೆ, ಪ್ರಪಂಚದಲ್ಲೇ ಅತಿ ದೊಡ್ಡ ತಗ್ಗು, ಅಲ್ಲಿ ಗುರುತ್ವ ಕಮ್ಮಿ ಇರೋದ್ರಿಂದ. ಆದ್ರೆ ಐಸ್ ಮುಚ್ಚಿದ್ರೆ ರೇಡಾರಿಗೆ ನೀರು ಕಾಣಲ್ಲ. ಐಸಿನ ಮಧ್ಯೆ ಬಿರುಕು ಬಿಟ್ಟ ಜಾಗದಲ್ಲಿ ನೀರು ಅಲೆ ಇಲ್ದೆ ನಿಶ್ಚಲವಾಗಿರುತ್ತೆ, ರೇಡಾರ್ ಕಿರಣ ಕನ್ನಡಿಗೆ ಬಿದ್ದಂಗೆ ವಾಪಸ್ ಬರುತ್ತೆ, ಆ ಪ್ರತಿಧ್ವನಿ ಗುರುತಿಸಿ ಲ್ಯಾಕ್ಸನ್ ಮತ್ತೆ ಮ್ಯಾಕ್‌ಅಡೂ 1994ರಲ್ಲಿ ಆರ್ಕ್ಟಿಕ್ ಸಮುದ್ರದ ಗುರುತ್ವದ ಮ್ಯಾಪ್ ತಂದ್ರು. ತುಂಬಾ ಜಾಣತನದ ಕೆಲಸ. ಆದ್ರೆ ಅವರ ಸ್ಯಾಟಲೈಟ್ 81.5 ಡಿಗ್ರಿ ದಾಟ್ತಿರಲಿಲ್ಲ, ಮುಂದೆ 2010ರಲ್ಲಿ ಹೋದ ಕ್ರಯೋಸ್ಯಾಟ್ 2 ಬಂದ್ಮೇಲೆ 88ರ ತನಕ ಸಿಕ್ತು. ಗುರುತ್ವಕ್ಕೆ ಅಂತ್ಲೇ ಕಳಿಸಿದ ಗೋಚೆ ಅನ್ನೋ ಸ್ಯಾಟಲೈಟಿಗೂ ಎರಡು ಧ್ರುವದ ಮೇಲೂ ಒಂದೊಂದು ತೂತು, 83 ಡಿಗ್ರಿಯಿಂದ ಮೇಲೆ ಅದು ಹೋಗ್ಲೇ ಇಲ್ಲ. ಅದೂ ಅಲ್ದೆ 250 ಕಿಲೋಮೀಟರ್ ಎತ್ತರದಿಂದ ನೋಡಿದ್ರೆ ದೊಡ್ಡ ದೊಡ್ಡ ಆಕಾರ ಮಾತ್ರ ಕಾಣುತ್ತೆ. ಗುರುತ್ವ ದೂರ ಹೋದಂಗೆ ಮಸುಕಾಗುತ್ತೆ, ಸಣ್ಣ ವಿವರ ಬೇಗ ಸಾಯುತ್ತೆ. ಈ ನಿಯಮ ಹಡಗನ್ನೂ ಬಿಡಲ್ಲ, ನಾಲ್ಕು ಕಿಲೋಮೀಟರ್ ಆಳದ ನೀರಿನ ಕೆಳಗೆ ನಾಲ್ಕು ಕಿಲೋಮೀಟರಿಗೊಂದರಂತೆ ದಿಬ್ಬ ಇದ್ರೆ ಮೇಲೆ ಬರೋ ಹೊತ್ತಿಗೆ ಅದರ ಪರಿಣಾಮ ಐನೂರನೇ ಒಂದು ಭಾಗ ಉಳಿದಿರುತ್ತೆ, ಯಾವ ಮೀಟರಿಗೂ ಸಿಗಲ್ಲ. ಹಾಗಾಗಿ ನಡು ಆರ್ಕ್ಟಿಕ್‌ನ ಆಳದಲ್ಲಿ ಹಡಗಿಗೂ ಸ್ಯಾಟಲೈಟಿಗೂ ಅಂತರ ಅಂದ್ಕೊಂಡಷ್ಟು ಇಲ್ಲ, ನಾರ್ವೆ ರಷ್ಯಾದ ಉತ್ತರಕ್ಕಿರೋ ಬ್ಯಾರೆಂಟ್ಸ್ ಥರದ 200–300 ಮೀಟರ್ ಆಳದ ಸಮುದ್ರದಲ್ಲಿ ಅಂತರ ಬಹಳ ಇದೆ. ಇವೆಲ್ಲ ಸೇರಿಸಿ, ಹಡಗು ವಿಮಾನ ಸಬ್‌ಮರೀನ್ ಐಸಿನ ಮೇಲೆ ನಿಂತು ಅಳೆದಿದ್ದು ಎಲ್ಲಾನೂ ಒಟ್ಟು ಮಾಡಿ ಹಲವು ದೇಶದವರು ಆರ್ಕ್ಟಿಕ್ ಗ್ರಾವಿಟಿ ಪ್ರಾಜೆಕ್ಟ್ ಅಂತ ಒಂದೇ ಮ್ಯಾಪ್ ಮಾಡಿದ್ರು, ರಷ್ಯಾ ಅಮೆರಿಕ ಎರಡೂ ಅದಕ್ಕೆ ಡೇಟಾ ಕೊಟ್ವು ಅನ್ನೋದೇ ದೊಡ್ಡ ಮಾತು.

ಮಕ್ಕಳಿಗೆ ತೋರಿಸೋಕೆ ಒಂದು ಪ್ರಯೋಗ ಇದೆ, ಖರ್ಚಿಲ್ಲ. ಫೋನಲ್ಲಿ ಆಕ್ಸಿಲರೋಮೀಟರ್ ಇರುತ್ತೆ, ಅದರ ನಂಬರನ್ನ ರೆಕಾರ್ಡ್ ಮಾಡೋ ಫ್ರೀ ಆ್ಯಪ್ ಸಿಗುತ್ತೆ. ಮದ್ದೂರಿಂದ ಮಂಡ್ಯಕ್ಕೆ ರೈಲಲ್ಲಿ ಬರೋವಾಗ ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಟ್ಟು ಅದರ ಮೇಲೆ ಫೋನ್ ಮಲಗಿಸಿ, ಕೈ ತಾಗಿಸ್ಬೇಡಿ, ರೆಕಾರ್ಡ್ ಹಾಕಿ. ಮೇಲೆ ಕೆಳಗಿನ ಅಕ್ಷದ ನಂಬರ್ ಹತ್ತಾರು ಸಾವಿರ ಮಿಲಿಗಾಲ್ ಏರಿಳಿಯುತ್ತೆ. ಸ್ಕೂಲಿಗೆ ಬಂದು ಅದನ್ನ ಮೊದ್ಲು ಒಂದೊಂದು ಸೆಕೆಂಡಿನ ಸರಾಸರಿ ಮಾಡಿಸಿ, ಆಮೇಲೆ ಹತ್ತತ್ತು ಸೆಕೆಂಡ್, ಆಮೇಲೆ ಒಂದೊಂದು ನಿಮಿಷ. ಪ್ರತಿ ಸಲಾನೂ ಗ್ರಾಫ್ ಪೇಪರಲ್ಲಿ ಬರೆಸಿ. ಏರಿಳಿತ ಹೇಗೆ ಕುಗ್ಗುತ್ತೆ ಅಂತ ಮಕ್ಕಳೇ ನೋಡ್ತಾರೆ. ನಂಬರ್ 9.78 ಬರ್ಲಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ, ಫೋನಿನ ಸೆನ್ಸರ್ 9.7 ತೋರಿಸ್ಬಹುದು 9.9 ತೋರಿಸ್ಬಹುದು, ಅದು ಫ್ಯಾಕ್ಟರಿಯಿಂದ್ಲೇ ಬಂದಿರೋ ಜಾರು, ನೋಡ್ಬೇಕಾಗಿರೋದು ಏರಿಳಿತ ಮಾತ್ರ. ರೈಲು ಸ್ಟೇಷನ್ನಿಗೆ ಬ್ರೇಕ್ ಹಾಕೋ ಕಡೆ ಏನಾಗುತ್ತೆ ಅಂತ ವಿಶೇಷವಾಗಿ ನೋಡೋಕೆ ಹೇಳಿ, ಫೋನ್ ಸ್ವಲ್ಪ ವಾಲಿದ್ರೆ ಮುಂದಕ್ಕೆ ತಳ್ಳೋದು ಮೇಲೆ ಕೆಳಗಿನ ನಂಬರಿಗೂ ಸೇರ್ಕೊಳುತ್ತೆ, ಐಸ್ ಗುದ್ದೋ ಹಡಗಲ್ಲಿ ಆಗೋದೂ ಅದೇ. ಪುಸ್ತಕದ ಒಂದು ಕಡೆಗೆ ಬೇಕು ಅಂತ್ಲೇ ಪೆನ್ಸಿಲ್ ಕೊಟ್ಟು ವಾಲಿಸಿ ಇನ್ನೊಂದು ಸಲ ಮಾಡಿಸಿದ್ರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತೆ. ಆ ಹುಡುಗಿ ಕೈಲೇ ಮಾಡಿಸಿ, ಎರಡೂ ಗ್ರಾಫ್ ಫೋಟೋ ತೆಗೆದು ನನಗೆ ಕಳಿಸಿ, ಎಲ್ಲೆಲ್ಲಿ ಕತ್ತರಿಸ್ಬೇಕು ಅಂತ ಗುರುತು ಹಾಕಿ ವಾಪಸ್ ಕಳಿಸ್ತೀನಿ.